ಅಜ್ಜನ ಕ್ಯಾಸೆಟ್ಟಿನ ಚೌಡಿಕೆಗೆ ಎಲ್ಲಿ ಕತ್ತರಿ ಹಾಕಬೇಕು?

ಪ್ರಶ್ನೆ: ಸರ್, ನಾನು ಸಿಂಧನೂರಿನವನು, ವಯಸ್ಸು 23. ಮೂರು ವರ್ಷಗಳಿಂದ ಸ್ವಂತವಾಗಿ ಹಿಪ್‌ಹಾಪ್ ಬೀಟ್ ಮಾಡುವುದನ್ನು ಕಲಿಯುತ್ತಿದ್ದೇನೆ. 1998ರಲ್ಲಿ ನಮ್ಮ ಅಜ್ಜ ಹುಲಿಗಿ ಜಾತ್ರೆಗೆ ಹೋದಾಗ ಬ್ಯಾಟರಿ ಟೇಪ್ ರೆಕಾರ್ಡರಿನಲ್ಲಿ ಚೌಡಿಕೆ ಪದಗಳನ್ನು, ಅಂದರೆ ಒಂಟಿ ತಂತಿಯ ಚೌಡಿಕೆ ವಾದ್ಯ ನುಡಿಸುತ್ತ ಹಾಡುವ ದೇವಿಯ ಹಾಡುಗಳನ್ನು, ಮುದ್ರಿಸಿಕೊಂಡಿದ್ದರು. ಆ ನಾಲ್ಕು ಕ್ಯಾಸೆಟ್‌ಗಳು ಮನೆಯಲ್ಲಿವೆ. ಅವನ್ನು ಹಳೆಯ ಅಮೆರಿಕನ್ ಹಿಪ್‌ಹಾಪ್‌ನವರು ಮಾಡುತ್ತಿದ್ದಂತೆ ತುಂಡರಿಸಿ ಬೀಟ್ ಮಾಡುವ ಆಸೆ. ನನ್ನ ಬಳಿ ಕಂಪ್ಯೂಟರ್, ಬೆರಳಿನಿಂದ ಬಡಿದು ನುಡಿಸುವ ಒಂದು ಅಗ್ಗದ ಪ್ಯಾಡ್ ಇವೆ. ತಂತ್ರಾಂಶವೇ ಹೋಳು ಮಾಡಿಕೊಡುತ್ತದೆ, ಆದರೆ ಜೋಡಿಸಿದರೆ ಲಯ ಮುಗ್ಗರಿಸುತ್ತದೆ. ವೇಗ ತಗ್ಗಿಸಿದರೆ ಧ್ವನಿ ನೀರಿನೊಳಗಿಂದ ಬಂದಂತಾಗುತ್ತದೆ. ಹೋಳಿನ ತುದಿಯಲ್ಲಿ ಟಿಕ್ ಟಿಕ್ ಸದ್ದು ಬೇರೆ. ಬೆಂಗಳೂರಿನ ಒಬ್ಬ ನಿರ್ಮಾಪಕರು ‘ಹಳೆಯ 12 ಬಿಟ್ ಯಂತ್ರವಿಲ್ಲದೆ ಆ ರುಚಿ ಬರುವುದಿಲ್ಲ’ ಎಂದರು. ಸಾಲ ಮಾಡಿ ಕೊಳ್ಳಲೇ? ಗೆಳೆಯರು ‘ಆರು ಸೆಕೆಂಡಿಗಿಂತ ಕಡಿಮೆ ಬಳಸಿದರೆ ಕಾನೂನಿನ ತೊಂದರೆಯಿಲ್ಲ, ಜಾನಪದ ಎಲ್ಲರದು’ ಎನ್ನುತ್ತಾರೆ. ಅವ್ವ ಮಾತ್ರ ‘ದೇವಿಯ ಹಾಡಿಗೆ ಕತ್ತರಿ ಹಾಕಬೇಡಪ್ಪಾ’ ಎನ್ನುತ್ತಾಳೆ. ಏನು ಮಾಡಲಿ?

ಉತ್ತರ: ಸಾಲ ಮಾಡಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ, ಇದೊಂದನ್ನು ಮೊದಲೇ ಹೇಳಿಬಿಡಬೇಕು. ಬಳ್ಳಾರಿಯಲ್ಲಿ ಸಣ್ಣದೊಂದು ಧ್ವನಿಮುದ್ರಣ ಕೊಠಡಿ ನಡೆಸುತ್ತ ನನಗೆ ಇಪ್ಪತ್ತಾರು ವರ್ಷಗಳಾದವು. ಬಯಲಾಟದ ಮೇಳದವರು, ಮೊಹರಂ ಪದ ಹಾಡುವವರು, ಈಗೀಗ ರ‍್ಯಾಪ್ ಹಾಡುವ ಹುಡುಗರು, ಎಲ್ಲರೂ ಬರುತ್ತಾರೆ. ಯಂತ್ರ ಕೊಂಡ ಮೇಲೆ ಕೆಲಸ ಹಗುರವಾದವರನ್ನು ಕಂಡಿದ್ದೇನೆ. ಯಂತ್ರ ಕೊಂಡದ್ದರಿಂದ ಕಿವಿ ಚುರುಕಾದವರನ್ನು ಕಂಡಿಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೇಳುವ ತೊಂದರೆಗಳಲ್ಲಿ ಹೆಚ್ಚಿನವು ಹುಟ್ಟುತ್ತಿರುವುದು ಹೋಳು ಎಲ್ಲಿ ಶುರುವಾಗಬೇಕು, ಎಲ್ಲಿ ಮುಗಿಯಬೇಕು ಎಂಬುದನ್ನು ನೀವು ತಂತ್ರಾಂಶಕ್ಕೆ ಬಿಟ್ಟಿರುವುದರಿಂದ. ಹಳೆಯ ಕಾಲದವರು ಬಿಡದೇ ಇದ್ದದ್ದು ಅದೊಂದನ್ನೇ.

ನಿಮಗೆ ಸಲಹೆ ಕೊಟ್ಟವರ ಮನಸ್ಸಿನಲ್ಲಿ ಬಹುಶಃ ಎಸ್‌ಪಿ-1200 ಇದ್ದಿರಬೇಕು. ಇಮ್ಯು ಕಂಪನಿ 1987ರಲ್ಲಿ ಹೊರತಂದ, ಧ್ವನಿಯ ತುಣುಕುಗಳನ್ನು ಹಿಡಿದಿಟ್ಟು ಮತ್ತೆ ನುಡಿಸುವ ಪೆಟ್ಟಿಗೆ ಅದು. ಸೆಕೆಂಡಿಗೆ ಸುಮಾರು 26,000 ಬಾರಿ ಧ್ವನಿಯನ್ನು ಅಳೆದು, ಒಂದೊಂದು ಅಳತೆಯನ್ನೂ 12 ಬಿಟ್‌ಗಳಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಅದರ ಹೊಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಒಟ್ಟು 10 ಸೆಕೆಂಡು. ಒಂದು ಸ್ಯಾಂಪಲ್, ಅಂದರೆ ಹಿಡಿದಿಟ್ಟ ಒಂದು ತುಣುಕು, ಎರಡೂವರೆ ಸೆಕೆಂಡಿಗಿಂತ ಉದ್ದ ಇರುವಂತಿರಲಿಲ್ಲ. ಈಗ ಲೆಕ್ಕ ಹಾಕಿ. ನಿಮಿಷಕ್ಕೆ 90 ಬೀಟ್ ವೇಗದಲ್ಲಿ ನಾಲ್ಕು ಬೀಟುಗಳ ಒಂದು ಆವರ್ತಕ್ಕೆ 2.67 ಸೆಕೆಂಡು ಬೇಕು. ಅಂದರೆ ಒಂದೇ ಒಂದು ಆವರ್ತವೂ ಇಡಿಯಾಗಿ ಒಂದು ಸ್ಯಾಂಪಲಿನೊಳಗೆ ಹಿಡಿಯುತ್ತಿರಲಿಲ್ಲ.

ಆಗ ಅವರು ಮಾಡಿದ್ದೇನು? ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದ ರೆಕಾರ್ಡನ್ನು 45 ಸುತ್ತಿನಲ್ಲಿ ಓಡಿಸಿ ತುಂಬಿಸಿಕೊಂಡರು. ಧ್ವನಿ 1.35 ಪಟ್ಟು ವೇಗವಾಗಿ ಓಡಿ, 2.67 ಸೆಕೆಂಡಿನ ಆವರ್ತ ಎರಡು ಸೆಕೆಂಡಿನೊಳಗೆ ಮುದುಡಿಕೊಂಡಿತು. ಆಮೇಲೆ ಯಂತ್ರದೊಳಗೆ ಅದನ್ನು ಸುಮಾರು ಐದು ಸೆಮಿಟೋನ್ (ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರವೇ ಒಂದು ಸೆಮಿಟೋನ್) ಕೆಳಗಿಳಿಸಿ ಮೂಲ ಮಟ್ಟಕ್ಕೆ ತಂದರು. ಹೀಗೆ ಇಳಿಸುವಾಗ ಆ ಯಂತ್ರ ಎರಡು ಅಳತೆಗಳ ನಡುವಿನ ಬೆಲೆಯನ್ನು ಲೆಕ್ಕ ಹಾಕುತ್ತಿರಲಿಲ್ಲ, ಹಿಂದಿನ ಅಳತೆಯನ್ನೇ ಮತ್ತೆ ಹೇಳುತ್ತಿತ್ತು. ಮೆಟ್ಟಿಲು ಮೆಟ್ಟಿಲಾದ ಆ ಅಲೆಯಿಂದ ಲೋಹದಂಥ ಸಣ್ಣ ಗುಂಯ್‌ಗುಡುವಿಕೆ ಹುಟ್ಟಿತು. 13 ಕಿಲೋಹರ್ಟ್ಸ್‌ಗಿಂತ ಮೇಲಿನ ತೀಕ್ಷ್ಣ ಧ್ವನಿಗಂತೂ ಒಳಗೆ ಜಾಗವೇ ಇರಲಿಲ್ಲ. ಇವೆರಡೂ ಸೇರಿದ ಒರಟುತನವನ್ನೇ ಜನ ಈಗ ‘ರುಚಿ’ ಎನ್ನುತ್ತಾರೆ. ಅದು ನಿಜವಾಗಿಯೂ ಚೆನ್ನಾಗಿದೆ, ನನಗೂ ಇಷ್ಟ. ಆದರೆ ಅದು ಜಾಗ ಸಾಲದೆ ಹುಟ್ಟಿದ ಉಪಾಯದ ಉಪಫಲ. ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಪೀಟ್ ರಾಕ್ ಆ ಯಂತ್ರದಲ್ಲಿ ಮಾಡಿದ ಕೆಲಸ ಇಂದಿಗೂ ನಿಲ್ಲುವುದು, ಹತ್ತೇ ಸೆಕೆಂಡಿನೊಳಗೆ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಅವರು ನಿರ್ಧರಿಸಿದ್ದರಿಂದ.

ಇನ್ನೊಂದು ಹೆಸರು ನೀವು ಕೇಳಿಯೇ ಇರುತ್ತೀರಿ: ಅಕಾಯ್ ಕಂಪನಿಯ ಎಂಪಿಸಿ-60. ರೋಜರ್ ಲಿನ್ ವಿನ್ಯಾಸ ಮಾಡಿದ್ದು, 1988ರಲ್ಲಿ ಬಂತು. ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕು, ಒಟ್ಟು ಹದಿನಾರು ರಬ್ಬರ್ ಪ್ಯಾಡುಗಳು. ನಿಮ್ಮ ಮೇಜಿನ ಮೇಲಿರುವ ಅಗ್ಗದ ಪ್ಯಾಡ್ ಕೂಡ ಅದೇ ಜಾಡಿನದು. ನಿಮಗೆ ಬೇಕಾದ ಯಂತ್ರ ಈಗಾಗಲೇ ನಿಮ್ಮಲ್ಲಿದೆ ಎಂದು ನಾನು ಹೇಳುವುದು ಸಮಾಧಾನಕ್ಕಾಗಿ ಅಲ್ಲ.

12 ಬಿಟ್ ಧ್ವನಿಯನ್ನು ಅನುಕರಿಸುವ ತಂತ್ರಾಂಶಗಳ ಬಗ್ಗೆ ಒಂದು ಮಾತು. ಹಲಗೆ ವಾದ್ಯದ ಬಡಿತಕ್ಕೆ, ಕಿಕ್ ಡ್ರಮ್ಮಿಗೆ ಅವು ಒಳ್ಳೆಯ ಮೈಕಟ್ಟು ಕೊಡುತ್ತವೆ. ಆದರೆ ನಿಮ್ಮ ಕೈಯಲ್ಲಿರುವುದು ಜಾತ್ರೆಯ ಗದ್ದಲದಲ್ಲಿ ಬ್ಯಾಟರಿ ರೆಕಾರ್ಡರಿನ ಪುಟ್ಟ ಮೈಕು ಹಿಡಿದ ಧ್ವನಿ. ಅದರ ಮೇಲ್ಭಾಗ ಆಗಲೇ ಮಂಕಾಗಿರುತ್ತದೆ, ಟೇಪಿನ ಹಿಸ್, ಅಂದರೆ ಸುಯ್ ಎನ್ನುವ ಸದ್ದು, ಆಗಲೇ ಕೂತಿರುತ್ತದೆ. ಮಾಸಿದ ಬಟ್ಟೆಗೆ ಮತ್ತೆ ಮಣ್ಣು ಬಳಿದ ಹಾಗಾಗುತ್ತದೆ. ಚೌಡಿಕೆಗೆ ಹಾಕಬೇಡಿ, ನೀವು ಸೇರಿಸುವ ಡ್ರಮ್ಮಿಗೆ ಬೇಕಾದರೆ ಹಾಕಿ. ಆಗ ಹಳೆಯ ಟೇಪೂ ಹೊಸ ಡ್ರಮ್ಮೂ ಒಂದೇ ಮನೆಯವರಂತೆ ಕೇಳುತ್ತವೆ.

ತುಂಡರಿಸುವ ಮುಂಚಿನ ಕೆಲಸವೇ ಅರ್ಧ ಕೆಲಸ, ಅದನ್ನು ನೀವು ಹಾರಿಸಿದ್ದೀರಿ ಎಂದು ನನ್ನ ಅನುಮಾನ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವ ಮೊದಲು ಒಂದು ಸಲ ಪೂರ್ತಿ ಮುಂದಕ್ಕೂ ಒಂದು ಸಲ ಪೂರ್ತಿ ಹಿಂದಕ್ಕೂ ಓಡಿಸಿ. ವರ್ಷಗಟ್ಟಲೆ ಸುತ್ತಿಯೇ ಇದ್ದ ಟೇಪು ಅಂಟಿಕೊಂಡಿರುತ್ತದೆ. ಟೇಪನ್ನು ಹೆಡ್ಡಿಗೆ, ಅಂದರೆ ಧ್ವನಿ ಓದುವ ಭಾಗಕ್ಕೆ, ಒತ್ತುವ ಚಿಕ್ಕ ಫೆಲ್ಟ್ ತುಂಡು ಬಿದ್ದುಹೋಗಿಲ್ಲವೇ ನೋಡಿ. ನಮ್ಮ ಸೀಮೆಯ ಬಿಸಿಲಿಗೆ ಅದರ ಅಂಟು ಒಣಗಿ ಉದುರುವುದು ಸಾಮಾನ್ಯ, ಅದಿಲ್ಲದಿದ್ದರೆ ಧ್ವನಿ ಬಂದು ಬಂದು ಹೋಗುತ್ತದೆ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತ ಕೇಳಿ. ಒಂದು ಕಡೆ ತಾಳದ ‘ಚಿಣ್’ ಸದ್ದು ಮಂಜು ಸರಿದಂತೆ ತಿಳಿಯಾಗುತ್ತದೆ. ಅಲ್ಲಿ ನಿಲ್ಲಿಸಿ. ಇಯರ್‌ಫೋನ್ ತೂತಿನಿಂದ ತೆಗೆಯುವ ಬದಲು ಲೈನ್ ಔಟ್ ಇರುವ ಡೆಕ್ ಯಾರ ಬಳಿಯಾದರೂ ಸಿಕ್ಕರೆ ಅದನ್ನು ಬಳಸಿ, 24 ಬಿಟ್‌ನಲ್ಲಿ ಮುದ್ರಿಸಿ. ಮೊದಲ ನಕಲನ್ನು ಮುಟ್ಟದೆ ಬೇರೆಡೆ ಇಡಿ.

ಬ್ಯಾಟರಿ ರೆಕಾರ್ಡರಿನಲ್ಲಿ ಇನ್ನೆರಡು ಗುಟ್ಟುಗಳಿವೆ. ಒಂದು, ಸೆಲ್ಲು ಇಳಿಯುತ್ತ ಹೋದಂತೆ ಮೋಟಾರು ನಿಧಾನವಾಗುತ್ತದೆ. ನಿಧಾನವಾಗಿ ಮುದ್ರಿತವಾದ ಟೇಪನ್ನು ಇಂದು ಸರಿಯಾದ ವೇಗದಲ್ಲಿ ಓಡಿಸಿದರೆ ಹಾಡು ವೇಗವಾಗಿಯೂ ಎತ್ತರದ ಸ್ವರದಲ್ಲಿಯೂ ಕೇಳುತ್ತದೆ. ಕ್ಯಾಸೆಟ್ಟಿನ ಕೊನೆಗೆ ಹೋದಂತೆ ಶ್ರುತಿ ಏರುತ್ತ ಹೋಗಿದ್ದರೆ ಕಾರಣ ಇದೇ. ಶ್ರುತಿಗೆ ಹಿಡಿದ ತುಂತುಣಿಯ ಸ್ವರವನ್ನು ಮೊದಲ ಹಾಡಿನಲ್ಲೂ ಕೊನೆಯ ಹಾಡಿನಲ್ಲೂ ಕೇಳಿ ಹೋಲಿಸಿ. ಮೊದಲ ಹಾಡಿನಿಂದ ಒಂದು ಹೋಳು, ಕೊನೆಯ ಹಾಡಿನಿಂದ ಇನ್ನೊಂದು ಹೋಳು ತೆಗೆದು ಪಕ್ಕಪಕ್ಕ ಇಟ್ಟರೆ ಅಪಸ್ವರವಾಗುವುದು ಆಶ್ಚರ್ಯವೇನಲ್ಲ. ಎರಡನೆಯದು, ಆ ರೆಕಾರ್ಡರುಗಳು ಧ್ವನಿಯ ಮಟ್ಟವನ್ನು ತಾವೇ ಏರಿಳಿಸುತ್ತಿದ್ದವು. ಗಟ್ಟಿಯಾದ ಪೆಟ್ಟು ಬಿದ್ದಾಗ ಎಲ್ಲವನ್ನೂ ಕುಗ್ಗಿಸಿ, ಮೌನ ಬಂದಾಗ ಎತ್ತುತ್ತಿದ್ದವು. ಹಾಗಾಗಿ ಒಂದು ಹೋಳಿನ ಹಿನ್ನೆಲೆಯಲ್ಲಿ ಹಿಸ್ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ನಿಮಗೆ ಕೇಳುವ ಟಿಕ್ ಸದ್ದಿನ ಒಂದು ಪಾಲು ಈ ಹಿಸ್ಸಿನ ಜಿಗಿತ. ಇದಕ್ಕೆ ಹಳೆಯ ಮದ್ದೆಂದರೆ, ಹಾಡುಗಳ ನಡುವಿನ ಬರಿಯ ಜಾತ್ರೆಯ ಸದ್ದನ್ನು ಕೆಲವು ಸೆಕೆಂಡು ತೆಗೆದು, ಬೀಟಿನ ಅಡಿಯಲ್ಲಿ ಸಣ್ಣಗೆ ಉದ್ದಕ್ಕೂ ಹರಿಯಬಿಡುವುದು. ಜಿಗಿತ ಮುಚ್ಚಿಹೋಗುತ್ತದೆ, ಹುಲಿಗಿಯ ಗಾಳಿಯೂ ಬೀಟಿನೊಳಗೆ ಬರುತ್ತದೆ.

ಈಗ ಮುಗ್ಗರಿಸುವ ಲಯದ ಮಾತು. ತಂತ್ರಾಂಶ ಹೋಳು ಮಾಡುವುದು ಎರಡು ಬಗೆಯಲ್ಲಿ: ಗಡಿಯಾರದಂತೆ ಸಮ ಅಂತರದ ಚೌಕಕ್ಕೆ ತಕ್ಕಂತೆ, ಇಲ್ಲವೇ ಧ್ವನಿ ಥಟ್ಟನೆ ಏರಿದ ಕಡೆ. ಚೌಡಿಕೆ ಮೇಳ ಯಾವ ಗಡಿಯಾರಕ್ಕೂ ಹಾಡಿದ್ದಲ್ಲ. ಸಾಲಿನ ಮೊದಲರ್ಧದಲ್ಲಿ ಎಳೆದು, ದೇವಿಯ ಜೈಕಾರವಾದ ‘ಉಧೋ’ ಬರುವ ಹೊತ್ತಿಗೆ ಮುನ್ನುಗ್ಗುತ್ತಾರೆ. ಹಿಮ್ಮೇಳದವರು ಅದಕ್ಕೆ ತಕ್ಕಂತೆ ಕೂಡಿಕೊಳ್ಳುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಚೌಕ ಒಂದು ಕಡೆ, ಪದ ಒಂದು ಕಡೆ. ಎರಡನೆಯ ಬಗೆಯಲ್ಲೂ ಮೋಸವಿದೆ. ಚೌಡಿಕೆಯ ತಂತಿ ಮೀಟಿದ ಮೇಲೆ ಅದನ್ನು ಬಿಗಿದು ಸಡಿಲಿಸಿ ಸ್ವರವನ್ನು ಬಾಗಿಸುತ್ತಾರಲ್ಲ, ‘ಡುಂವ್’ ಎಂದು ಮೇಲೇರುವ ಆ ಬಾಗಿನಲ್ಲೇ ಅದರ ಜೀವವಿದೆ. ತಂತ್ರಾಂಶಕ್ಕೆ ಮೀಟು ಮಾತ್ರ ಕಾಣುತ್ತದೆ, ಬಾಗು ಕಾಣುವುದಿಲ್ಲ. ನಡುವೆ ತಾಳದ ಪೆಟ್ಟೊಂದು ಬಿದ್ದರೆ ಬಾಗನ್ನು ಅಲ್ಲಿಯೇ ಕಡಿದುಹಾಕುತ್ತದೆ.

ಕೈಯಿಂದ ಮಾಡಿ. ನಾಲ್ಕು ಕ್ಯಾಸೆಟ್ಟಿನಿಂದ ಇಡೀ ಸಂಜೆ ಕೇಳಿ ಹದಿನಾರೇ ಹದಿನಾರು ಹೋಳು ಆರಿಸಿಕೊಳ್ಳಿ, ಹದಿನೇಳನೆಯದು ಬೇಡ. ಒಟ್ಟು ಉದ್ದ ಹತ್ತು ಸೆಕೆಂಡು ಮೀರದಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು. ನನ್ನಲ್ಲಿಗೆ ಬರುವ ಹುಡುಗರಿಗೆ ಈ ಕಟ್ಟು ಮೊದಲು ಹಿಂಸೆಯೆನಿಸುತ್ತದೆ. ವಾರ ಕಳೆದ ಮೇಲೆ ತಾವಾಗಿಯೇ ಯಾವ ಹೋಳೂ ದಂಡವಾಗದಂತೆ ಕೇಳತೊಡಗುತ್ತಾರೆ.

ಹೋಳಿನ ಆರಂಭವನ್ನು ಪೆಟ್ಟಿನ ಅತಿ ಎತ್ತರದ ತುದಿಗೆ ಇಡಬೇಡಿ. ಬೆರಳು ತಂತಿಗೆ ತಾಗುವ ಸದ್ದು ಅದಕ್ಕಿಂತ ಕೆಲವು ಮಿಲಿಸೆಕೆಂಡು ಮುಂಚೆಯೇ ಶುರುವಾಗಿರುತ್ತದೆ. ಅಲೆ ಶೂನ್ಯ ಗೆರೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸಿ, ಎರಡೂ ತುದಿಗೆ ಎರಡು ಮೂರು ಮಿಲಿಸೆಕೆಂಡಿನ ಫೇಡ್ (ಧ್ವನಿ ಮೆಲ್ಲಗೆ ಏರುವ, ಇಳಿಯುವ ಅಂಚು) ಕೊಟ್ಟರೆ ಟಿಕ್ ಸದ್ದಿನ ಉಳಿದ ಪಾಲೂ ಹೋಗುತ್ತದೆ. ಮುಂದೆ ಖಾಲಿ ಜಾಗವನ್ನೂ ಬಿಡಬೇಡಿ: ಹದಿನೈದು ಮಿಲಿಸೆಕೆಂಡು ಖಾಲಿ ಉಳಿದರೂ ನೀವು ಸರಿಯಾಗಿ ಬಡಿದ ಪ್ಯಾಡು ತಡವಾಗಿ ಕೇಳುತ್ತದೆ, ಮುಗ್ಗರಿಕೆಯ ತಪ್ಪನ್ನು ನಿಮ್ಮ ಬೆರಳಿನ ಮೇಲೆ ಹೊರಿಸಿಕೊಳ್ಳುತ್ತೀರಿ.

ಕೊನೆಯ ಬಿಂದುವಿನ ವಿಷಯದಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ, ಹಳೆಯ ಧಾಟಿಯ ಅರ್ಧ ಮರ್ಮ ಅದರಲ್ಲೇ ಇದೆ. ಹೋಳಿನ ಬಾಲವನ್ನು ಉದ್ದವಾಗಿ ಬಿಡಿ, ಆದರೆ ಎಲ್ಲ ಹೋಳುಗಳನ್ನೂ ಒಂದೇ ಮ್ಯೂಟ್ ಗ್ರೂಪಿಗೆ ಸೇರಿಸಿ. ಅಂದರೆ ಹೊಸ ಪ್ಯಾಡು ಬಡಿದ ಕ್ಷಣ ಹಿಂದಿನ ಹೋಳು ನಿಂತುಬಿಡಬೇಕು. ಆಗ ಹೋಳು ಎಲ್ಲಿ ಮುಗಿಯಬೇಕೆಂದು ತೀರ್ಮಾನಿಸುವುದು ನಿಮ್ಮ ಮುಂದಿನ ಪೆಟ್ಟು. ಒಂದು ಧ್ವನಿ ಇನ್ನೊಂದರ ಮಾತನ್ನು ಕತ್ತರಿಸಿ ಒಳಬರುವ ಆ ಚುರುಕು, ನೀವು ಹಳೆಯ ಹಾಡುಗಳಲ್ಲಿ ಕೇಳಿ ಮರುಳಾದದ್ದು ಅದೇ ಇರಬೇಕು. ನಿಮ್ಮ ತಂತ್ರಾಂಶದಲ್ಲಿ ಈ ಸೌಲಭ್ಯ ಬಹುಶಃ ಇರುತ್ತದೆ. ಅದು ಆಫ್ ಆಗಿದ್ದರೆ ಬಾಲಗಳೆಲ್ಲ ಒಂದರ ಮೇಲೊಂದು ಬಿದ್ದು ಗೊಜ್ಜಾಗುತ್ತವೆ.

ಹಾಡಿದ ಮಾತನ್ನು ಕತ್ತರಿಸುವುದು ಇನ್ನೂ ಸೂಕ್ಷ್ಮ. ‘ಧೋ’ ಎಂಬ ಅಕ್ಷರ ಉಸಿರಿನ ಸ್ಫೋಟದೊಂದಿಗೆ ಬರುತ್ತದೆ, ಡ್ರಮ್ಮಿನಂತೆ ಬಡಿಯಬಹುದು. ‘ಮ್ಮ’ ಹಾಗಲ್ಲ. ಅದು ಮೂಗಿನಲ್ಲಿ ಮೆಲ್ಲಗೆ ಏಳುತ್ತದೆ, ಅದರ ಆರಂಭ ಅಲೆಯ ಚಿತ್ರದಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ, ಕಣ್ಣು ಮುಚ್ಚಿ ಕಿವಿಯಿಂದಲೇ ಹುಡುಕಬೇಕು. ಇಲ್ಲಿಯೇ ನಿಮ್ಮ ಅವ್ವನ ಮಾತು ಬರುತ್ತದೆ, ಅದನ್ನು ನಾನು ತಂತ್ರದ ಮಾತಾಗಿಯೇ ತೆಗೆದುಕೊಳ್ಳುತ್ತೇನೆ. ತಂತ್ರಾಂಶ ‘ಹುಲಿಗೆಮ್ಮ’ ಎಂಬ ಹೆಸರನ್ನು ನಡುವೆ ಕಡಿದು ‘ಹುಲಿಗೆ, ಹುಲಿಗೆ, ಹುಲಿಗೆ’ ಎಂದು ಮೂರು ಸಲ ಹೇಳಿಸಿದರೆ ಕೇಳುವವರಿಗೆ ಯಾರನ್ನೋ ಹುಲಿಗೆ ಹಾಕುತ್ತಿರುವಂತೆ ಕೇಳುತ್ತದೆ. ತಂತ್ರಾಂಶಕ್ಕೆ ಕನ್ನಡದ ವಿಭಕ್ತಿ ಗೊತ್ತಿಲ್ಲ, ನಿಮಗೆ ಗೊತ್ತಿದೆ. ದೇವಿಯ ಹೆಸರನ್ನು ಇಡಿಯಾಗಿ ಇಡಿ ಅಥವಾ ಮುಟ್ಟಬೇಡಿ. ‘ಉಧೋ’, ಆಲಾಪದ ತುಣುಕು, ತಂತಿಯ ಬಾಗು, ಹಿಮ್ಮೇಳದ ‘ಹಾಂ’, ಇಷ್ಟರಿಂದಲೇ ಒಂದು ಬೀಟ್ ಕಟ್ಟಬಹುದು. ಕಟ್ಟಿದ ಮೇಲೆ ಮೊದಲು ಅವ್ವನಿಗೇ ಕೇಳಿಸಿ. ಆಕೆ ಎಲ್ಲಿ ಮುಖ ಸಿಂಡರಿಸಿದಳೋ ಆ ಜಾಗವನ್ನು ಗುರುತು ಹಾಕಿಕೊಳ್ಳಿ, ಹೆಚ್ಚಾಗಿ ಅಲ್ಲಿ ಕತ್ತರಿಯೂ ತಪ್ಪಿಯೇ ಇರುತ್ತದೆ.

ನೀರೊಳಗಿನ ಧ್ವನಿಗೆ ಕಾರಣ ಸರಳ. ಸ್ವರ ಬದಲಾಗದಂತೆ ವೇಗವನ್ನು ಮಾತ್ರ ತಗ್ಗಿಸು ಎಂದಾಗ ತಂತ್ರಾಂಶ ಧ್ವನಿಯನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದರ ಮೇಲೊಂದು ಹೊದಿಸಿ ಎಳೆಯುತ್ತದೆ. ಶುದ್ಧ ಸ್ವರಕ್ಕೆ ಅದು ಸಾಗುತ್ತದೆ. ಹಿಸ್, ತಾಳ, ಜನರ ಗದ್ದಲ ಬೆರೆತ ಟೇಪಿಗೆ ಸಾಗುವುದಿಲ್ಲ. ಎಸ್‌ಪಿ-1200ರಂಥ ಯಂತ್ರದಲ್ಲಿ ಈ ಸೌಲಭ್ಯವೇ ಇರಲಿಲ್ಲ, ಆದ್ದರಿಂದ ಅವರು ಎರಡು ದಾರಿ ಹಿಡಿದರು. ಮೊದಲನೆಯದು ವೇಗ ಮತ್ತು ಸ್ವರ ಎರಡನ್ನೂ ಒಟ್ಟಿಗೆ ಇಳಿಸುವುದು. ನಿಮ್ಮ ಪದ 104ರ ವೇಗದಲ್ಲಿದ್ದು ನಿಮಗೆ 90 ಬೇಕಿದ್ದರೆ ಎರಡೂವರೆ ಸೆಮಿಟೋನ್ ಇಳಿಯುತ್ತದೆ. ಸ್ವರ ಹಾರ್ಮೋನಿಯಂನ ಎರಡು ಮನೆಗಳ ನಡುವೆ ಬೀಳುತ್ತದೆ ಎಂದು ಹೆದರಬೇಡಿ. ಮೂಲದಲ್ಲಿಯೂ ಮೇಳದವರು ಯಾವ ಹಾರ್ಮೋನಿಯಂಗೂ ಶ್ರುತಿ ಹಚ್ಚಿಕೊಂಡಿರಲಾರರು. ನೀವು ಸೇರಿಸುವ ಬೇಸ್ ವಾದ್ಯವನ್ನು ಸ್ಯಾಂಪಲಿನ ಶ್ರುತಿಗೆ ತನ್ನಿ. ಸ್ಯಾಂಪಲನ್ನು ಕೀಬೋರ್ಡಿನ ಶ್ರುತಿಗೆ ಎಳೆಯಬೇಡಿ. ಇದರ ಅಪಾಯ ಏನೆಂದರೆ ಹೆಣ್ಣು ಧ್ವನಿ ಗಂಡು ಧ್ವನಿಯಂತಾಗಬಹುದು, ಹಾಡಿದವರ ಗುರುತು ಕೆಡಬಹುದು. ಎರಡನೆಯ ದಾರಿ ನನಗೆ ಹೆಚ್ಚು ಪ್ರಿಯ: ಸ್ವರವನ್ನು ಮುಟ್ಟದೆ ಅರ್ಧ ಬೀಟಿನಷ್ಟು ಚಿಕ್ಕ ಹೋಳು ಮಾಡಿ ದೂರ ದೂರ ಇಡುವುದು. 104ರಲ್ಲಿ ಅರ್ಧ ಬೀಟ್ ಎಂದರೆ 288 ಮಿಲಿಸೆಕೆಂಡು, 90ರಲ್ಲಿ 333. ನಡುವೆ ಉಳಿಯುವ 45 ಮಿಲಿಸೆಕೆಂಡಿನ ಸಂದಿಯನ್ನು ನೀವು ಉದ್ದವಾಗಿ ಬಿಟ್ಟ ಬಾಲವೋ, ಒಂದು ಹಲಗೆ ಪೆಟ್ಟೋ, ಅಡಿಯಲ್ಲಿ ಹರಿಯುವ ಜಾತ್ರೆಯ ಸದ್ದೋ ತುಂಬುತ್ತದೆ. ತುಂಬದಿದ್ದರೂ ಚಿಂತೆಯಿಲ್ಲ, ಆ ಬಿಕ್ಕಳಿಕೆಯೇ ಹಲವರಿಗೆ ಇಷ್ಟ.

ಬಡಿದದ್ದನ್ನೆಲ್ಲ ತಂತ್ರಾಂಶ ಗಡಿಯಾರಕ್ಕೆ ಎಳೆದು ಕೂರಿಸುವ ಸೌಲಭ್ಯವನ್ನು ಒಂದು ತಿಂಗಳು ಬಂದ್ ಮಾಡಿ. ಎಂಪಿಸಿಯಲ್ಲಿ ಸ್ವಿಂಗ್, ಅಂದರೆ ಪೆಟ್ಟನ್ನು ಬೇಕೆಂದೇ ತುಸು ತಡಮಾಡುವ ಸೌಲಭ್ಯ, ಶೇಕಡಾ 50ರಿಂದ 75ರವರೆಗೆ ಹೋಗುತ್ತಿತ್ತು. 90ರ ವೇಗದಲ್ಲಿ ಕಾಲು ಬೀಟುಗಳ ಒಂದು ಜೋಡಿಗೆ 333 ಮಿಲಿಸೆಕೆಂಡು. ಶೇಕಡಾ 54 ಎಂದರೆ ಜೋಡಿಯ ಎರಡನೆಯ ಪೆಟ್ಟು 13 ಮಿಲಿಸೆಕೆಂಡು ತಡವಾಗುತ್ತದೆ, 58 ಎಂದರೆ 27. ಇಷ್ಟು ಚಿಕ್ಕ ಅಂತರದಲ್ಲಿ ತಲೆ ತೂಗುವುದೂ ತೂಗದಿರುವುದೂ ನಿಂತಿದೆ. ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ ಬಳಸಿದ ಎಂಪಿಸಿ-3000 ಇಂದು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮುಂದೆ ಜನ ನಿಲ್ಲುವುದು ಆತನ ಬೆರಳು ಗಡಿಯಾರಕ್ಕೆ ಪೂರ್ತಿ ಮಣಿಯಲಿಲ್ಲ ಎಂಬುದಕ್ಕೆ. ನಿಮಗೆ ಆ ಪಾಠ ಇನ್ನೂ ಹತ್ತಿರದಲ್ಲಿದೆ. ಅಜ್ಜನ ಟೇಪನ್ನು ಹಾಕಿ, ಚೌಡಿಕೆಯ ಜೊತೆಗೆ ಬರಿಯ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕುಳಿತುಕೊಳ್ಳಿ. ಅವರು ಎಲ್ಲಿ ತಡೆದು ಎಲ್ಲಿ ಬಿಡುತ್ತಾರೆ ಎಂಬುದು ನಾಲ್ಕೈದು ದಿನಗಳಲ್ಲಿ ಬೆರಳಿಗೆ ಬರುತ್ತದೆ. ಅದು ಬಂದ ಮೇಲೆ ಪ್ಯಾಡು ಮುಟ್ಟಿ.

ಇನ್ನು ಆರು ಸೆಕೆಂಡಿನ ನಂಬಿಕೆ. ಇದು ಸುಳ್ಳು. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಇಂತಿಷ್ಟು ಸೆಕೆಂಡು ಪುಕ್ಕಟೆ ಎಂಬ ಸಾಲು ಎಲ್ಲಿಯೂ ಇಲ್ಲ. ಒಂದು ಧ್ವನಿಮುದ್ರಿಕೆಯನ್ನು ಒಳಗೊಂಡ ಇನ್ನೊಂದು ಧ್ವನಿಮುದ್ರಿಕೆ ಮಾಡುವ ಹಕ್ಕು ಮೂಲದ ಹಕ್ಕುದಾರರದು. ಅಮೆರಿಕದಲ್ಲಿಯೂ ಸೆಕೆಂಡಿನ ಲೆಕ್ಕವಿಲ್ಲ. 2005ರಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಎರಡು ಸೆಕೆಂಡಿನ ಗಿಟಾರ್ ತುಣುಕಿಗೂ ಅನುಮತಿ ಬೇಕೆಂದಿತು. 2016ರಲ್ಲಿ ಇನ್ನೊಂದು ಮೇಲ್ಮನವಿ ನ್ಯಾಯಾಲಯ 0.23 ಸೆಕೆಂಡಿನ ಕಹಳೆಯ ತುಣುಕನ್ನು ಗಣನೆಗೆ ಬಾರದಷ್ಟು ಅಲ್ಪವೆಂದು ಬಿಟ್ಟಿತು. ಸ್ವರ ಇಳಿಸಿದರೆ, ಹಿಂದುಮುಂದು ಮಾಡಿದರೆ ಯಾರಿಗೂ ಗೊತ್ತಾಗದು ಎಂಬುದನ್ನೂ ನಂಬಬೇಡಿ. ಗೊತ್ತಾಗದಿರುವುದು ಬೇರೆ, ಹಕ್ಕಿರುವುದು ಬೇರೆ.

‘ಜಾನಪದ ಎಲ್ಲರದು’ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ತಲೆಮಾರುಗಳಿಂದ ಬಂದ ಪದ, ಅದರ ಮಟ್ಟು ಎಲ್ಲರದು. ನೀವೇ ಹಾಡಬಹುದು, ಬೇರೆಯವರಿಂದ ಹಾಡಿಸಬಹುದು. ಆದರೆ ಅದನ್ನು ಮುದ್ರಿಸಿ ಮಾರಿದ ಕ್ಯಾಸೆಟ್ಟಿನ ಹಕ್ಕು ಪ್ರಕಟವಾದ ವರ್ಷದ ನಂತರ 60 ವರ್ಷ ಇರುತ್ತದೆ. 1985ರ ಅಂಗಡಿಯ ಕ್ಯಾಸೆಟ್ 2045ರ ಕೊನೆಯವರೆಗೂ ಯಾರದೋ ಸ್ವತ್ತು. 1964ರಲ್ಲಿ ಪ್ರಕಟವಾದ ರೆಕಾರ್ಡಾದರೆ ಅದರ ಮುದ್ರಿಕೆಯ ಹಕ್ಕು 2024ಕ್ಕೆ ತೀರಿದೆ. ಆಗಲೂ ಸಾಹಿತ್ಯ, ಸಂಗೀತ ಯಾರಾದರೂ ರಚಿಸಿದ್ದಾದರೆ ಅವರು ತೀರಿಕೊಂಡು 60 ವರ್ಷವಾಗಿದೆಯೇ ನೋಡಬೇಕು. ನಿಮ್ಮ ಅಜ್ಜನ ಟೇಪಿನ ವಿಚಾರ ಬೇರೆ. ಗುಂಡಿ ಒತ್ತಿದವರು ಅಜ್ಜ, ಹಾಡಿದವರು ಇನ್ನೊಬ್ಬರು. ಪ್ರದರ್ಶನಕಾರರ ಹಕ್ಕು 50 ವರ್ಷ. 1998ರಲ್ಲಿ ಹಾಡಿದ್ದಕ್ಕೆ 2048ರ ಕೊನೆಯವರೆಗೂ ಇರುತ್ತದೆ. ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು 2012ರ ತಿದ್ದುಪಡಿ ಅವರಿಗೆ ಕೊಟ್ಟಿದೆ. ಮನೆಯಲ್ಲಿ ಕಲಿಯಲು ಎಷ್ಟಾದರೂ ತುಂಡರಿಸಿ, ಯಾರೂ ಕೇಳುವುದಿಲ್ಲ. ಯೂಟ್ಯೂಬಿಗೆ ಏರಿಸುವ ದಿನ, ದುಡ್ಡು ಬರುವ ದಿನ ಲೆಕ್ಕ ಬದಲಾಗುತ್ತದೆ. ಒಪ್ಪಂದ ದೊಡ್ಡದಾದರೆ ವಕೀಲರೊಬ್ಬರಿಗೆ ತೋರಿಸಿ, ನಾನು ಧ್ವನಿಯವನು.

ಈ ವಿಷಯದಲ್ಲಿ ನಾನು ಗಟ್ಟಿಯಾಗಿ ಮಾತನಾಡುವುದಕ್ಕೆ ಕಾರಣವಿದೆ. 1969ರಲ್ಲಿ ಅಮೆರಿಕದ ದಿ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಗ್ರೆಗರಿ ಕೋಲ್ಮನ್ ಒಂದು ಹಾಡಿನ ನಡುವೆ ಸುಮಾರು ಏಳು ಸೆಕೆಂಡು ಒಬ್ಬನೇ ನುಡಿಸಿದ. ಆ ಏಳು ಸೆಕೆಂಡು ಮುಂದೆ ಸಾವಿರಾರು ಹಾಡುಗಳಲ್ಲಿ ಹೋಳುಹೋಳಾಗಿ ಬಳಕೆಯಾಯಿತು. ಕೋಲ್ಮನ್‌ಗೆ ಅದರಿಂದ ಒಂದು ಬಿಡಿಗಾಸೂ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ತಲೆಯ ಮೇಲೆ ಸೂರಿರಲಿಲ್ಲ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಕೌಲ್ ಬಜಾರಿನ ಕಡೆಯ ಹಲಗೆ ವಾದಕರೊಬ್ಬರು. 2011ರಲ್ಲಿ ಅವರನ್ನು ಒಂದು ಮಧ್ಯಾಹ್ನ ಕೂರಿಸಿಕೊಂಡು, ಬೆಂಕಿಗೆ ಕಾಯಿಸಿದ ಹಲಗೆಯ ಪೆಟ್ಟುಗಳನ್ನು ಮುದ್ರಿಸಿಕೊಂಡೆ. ಆ ದಿನದ ಕೂಲಿ ಕೊಟ್ಟೆ, ಕಾಗದ ಮಾಡಲಿಲ್ಲ. ಹದಿನಾಲ್ಕು ಹೋಳು ಮಾಡಿ ಎಷ್ಟೋ ಹಾಡಿಗೆ ಬಳಸಿದೆ, ಕೇಳಿದ ಗೆಳೆಯರಿಗೂ ಕೊಟ್ಟೆ. ನಾಲ್ಕು ವರ್ಷದ ಮೇಲೆ ಗಣೇಶನ ಮೆರವಣಿಗೆಯಲ್ಲಿ ದೊಡ್ಡ ಸ್ಪೀಕರಿನಿಂದ ಅದು ಬರುತ್ತಿದ್ದಾಗ ಅವರು ಕೇಳಿಸಿಕೊಂಡಿದ್ದಾರೆ. ಮರುದಿನ ನನ್ನ ಕೊಠಡಿಗೆ ಬಂದು, ‘ಸರ್, ಅದು ನನ್ನ ಕೈ’ ಎಂದಷ್ಟೇ ಹೇಳಿದರು. ಹದಿನಾಲ್ಕು ಚೂರು ಮಾಡಿ, ಸ್ವರ ಇಳಿಸಿ, ಹಿಂದುಮುಂದು ಮಾಡಿದ ಮೇಲೂ ಅವರಿಗೆ ತಮ್ಮ ಕೈ ಗುರುತು ಸಿಕ್ಕಿತ್ತು. ಅಂದಿನಿಂದ ಮೈಕು ಇಡುವ ಮೊದಲು ಒಂದು ಪುಟ ಬರೆಯುತ್ತೇನೆ: ಯಾರು ನುಡಿಸಿದರು, ಯಾವ ದಿನ, ತುಂಡರಿಸಿ ಬಳಸಲು ಒಪ್ಪಿದ್ದಾರೆಯೇ, ಈಗ ಎಷ್ಟು ಹಣ, ಮುಂದೆ ಬಂದದ್ದರಲ್ಲಿ ಎಷ್ಟು ಪಾಲು. ಓದಲು ಬಾರದವರಿಗೆ ಓದಿ ಹೇಳಿ, ಅವರ ಮನೆಯವರೊಬ್ಬರ ಎದುರು ಸಹಿ ಹಾಕಿಸುತ್ತೇನೆ.

ನಿಮ್ಮ ಮುಂದೆ ಇರುವ ದಾರಿಗಳಲ್ಲಿ ನನಗೆ ಸರಿ ಎನಿಸುವುದು ಆ ಹಾಡಿದವರನ್ನೋ ಅವರ ಮಕ್ಕಳನ್ನೋ ಹುಡುಕುವುದು. ಸಿಗದೇ ಹೋಗಬಹುದು, ಸಿಕ್ಕವರು ಬೇಡ ಎನ್ನಬಹುದು. ಬೇಡ ಎಂದರೆ ಬಿಡಬೇಕು. ಆಗ ಟೇಪಿನಿಂದ ಕಲಿತ ಲಯವನ್ನು ಇಟ್ಟುಕೊಂಡು, ಒಪ್ಪುವ ಬೇರೆ ಮೇಳದವರನ್ನು ಹೊಸದಾಗಿ ಮುದ್ರಿಸಿಕೊಳ್ಳಿ. ಯಂತ್ರಕ್ಕೆಂದು ಸಾಲ ಮಾಡಲಿದ್ದ ಹಣದ ಸಣ್ಣ ಪಾಲೂ ಇದಕ್ಕೆ ಸಾಕು. ಹೊಸ ಮುದ್ರಣಕ್ಕೆ ಹಳೆಯ ಟೇಪಿನ ಮೈ ಇರುವುದಿಲ್ಲ ಎಂದು ನಿಮಗೆ ಅನ್ನಿಸುತ್ತದೆ, ನಿಜ. ಅದನ್ನೇ ಒಂದು ಖಾಲಿ ಕ್ಯಾಸೆಟ್ಟಿಗೆ ಇಳಿಸಿ ಮತ್ತೆ ಹಿಂದಕ್ಕೆ ತೆಗೆದುಕೊಳ್ಳಿ, ಮುಕ್ಕಾಲು ಪಾಲು ಬರುತ್ತದೆ.

ಮುಂದಿನ ಹುಣ್ಣಿಮೆಗೆ ಹುಲಿಗಿಗೆ ಹೋಗಿ ಬನ್ನಿ, ಅವ್ವನನ್ನೂ ಕರೆದುಕೊಂಡು ಹೋಗಿ. ಅಲ್ಲಿ ಸೇರುವ ಹಿರಿಯ ಜೋಗತಿಯರಿಗೆ ಟೇಪನ್ನು ಕೇಳಿಸಿದರೆ ‘ಇದು ಇಂಥ ಊರಿನವರ ಧ್ವನಿ’ ಎಂದು ಯಾರಾದರೂ ಗುರುತಿಸಿಯಾರು. ಕೇಳಿಸುವಾಗ ನಿಮ್ಮ ಬೀಟನ್ನು ಹಾಕಬೇಡಿ, ಮೂಲ ಪದವನ್ನೇ ಪೂರ್ತಿ ಹಾಕಿ. ಕ್ಯಾಸೆಟ್ ಮನೆಯಲ್ಲೇ ಇರಲಿ, ಮೊಬೈಲಿನಲ್ಲಿ ನಕಲು ಒಯ್ಯಿರಿ. ಬಸ್ಸಿನ ಕಿಟಕಿಯ ಬಿಸಿಲಿಗೆ ಒಂದು ಮಧ್ಯಾಹ್ನದಲ್ಲಿ ಟೇಪು ಸೊಟ್ಟಗಾಗುತ್ತದೆ.